ಬಿಡಾರ ಹೊತ್ತು ಹೊರಟ ವ್ಯಾನುಗಳು

ಡಿಸೆಂಬರ್ ತಿಂಗಳ ರಾತ್ರಿ ಒಂಬತ್ತು ಗಂಟೆ. ಆದರೂ ಬೆಳಕು ಇನ್ನೂ ಆರಿಲ್ಲ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನಡುವೆ 3,724 ಮೀಟರ್ ಎತ್ತರಕ್ಕೆ ನಿಂತಿರುವ ಔರಾಕಿ ಶಿಖರದ ಹಿಮ ನಿಧಾನವಾಗಿ ಕೇಸರಿ ಬಣ್ಣಕ್ಕೆ ತಿರುಗುತ್ತಿದೆ. ಇಂಗ್ಲಿಷರು ಮೌಂಟ್ ಕುಕ್ ಎಂದು ಕರೆದ ಬೆಟ್ಟ ಇದು. ಎವರೆಸ್ಟ್ ಏರುವ ಐದು ವರ್ಷ ಮೊದಲು, 1948ರಲ್ಲಿ, ಎಡ್ಮಂಡ್ ಹಿಲರಿ ಹತ್ತಿದ ಬೆಟ್ಟವೂ ಇದೇ. ಇದರ ಬುಡದಲ್ಲಿರುವ ವೈಟ್ ಹಾರ್ಸ್ ಹಿಲ್ ಎಂಬ ಬಯಲು ಪ್ರವಾಸಿಗರ ಬಿಡಾರದ ಜಾಗ. ಸರ್ಕಾರದ ಸಂರಕ್ಷಣಾ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ. ವಿದ್ಯುತ್ ಸಂಪರ್ಕವಿಲ್ಲ, ಅಂಗಡಿಯಿಲ್ಲ. ಗಾಳಿ, ಕಲ್ಲು, ಹುಲ್ಲು ಮತ್ತು ತಲೆಯ ಮೇಲೆ ಆಕಾಶ, ಅಷ್ಟೇ.

ಇಂಥ ಸಂಜೆಗಳಲ್ಲಿ ಆ ಬಯಲಿನಲ್ಲಿ ಅಕ್ಕಪಕ್ಕ ನಿಲ್ಲುವ ವ್ಯಾನುಗಳನ್ನು ಗಮನಿಸಿದರೆ ಮುಖ್ಯವಾಗಿ ಮೂರು ಬಗೆ ಕಾಣುತ್ತದೆ. ಮೊದಲನೆಯದು ಬಣ್ಣ ಮಾಸಿದ, ತಗ್ಗು ಚಾವಣಿಯ ಟೊಯೊಟ ಹೈಏಸ್. ಅದರ ಹಿಂಬಾಗಿಲು ಮೇಲೆತ್ತಿ, ಮೊಣಕಾಲೂರಿ ಕುಳಿತ ವಿದ್ಯಾರ್ಥಿಗಳಿಬ್ಬರು ಪುಟ್ಟ ಒಲೆಯ ಮೇಲೆ ನೂಡಲ್ಸ್ ಬೇಯಿಸುತ್ತಿರುತ್ತಾರೆ. ಎರಡನೆಯದೂ ಹೈಏಸೇ, ಆದರೆ ಉದ್ದ ಹೆಚ್ಚು, ಚಾವಣಿ ಎತ್ತರ. ಮೂರನೆಯದು ಬಿಳಿಯ ಫಿಯೆಟ್ ಡುಕಾಟೊ. ಒಳಗೆ ದೀಪ ಉರಿಯುತ್ತಿದೆ, ಯಾರೋ ನಿಂತುಕೊಂಡೇ ಪಾತ್ರೆ ತೊಳೆಯುತ್ತಿದ್ದಾರೆ. ಮೂವರಿಗೂ ಸಿಗುವ ಶಿಖರದ ನೋಟ ಒಂದೇ. ಆದರೆ ರಾತ್ರಿ ಕಳೆಯುವ ಬಗೆ ಮಾತ್ರ ಮೂರು ರೀತಿ!

ಸಾಮಾನಿನ ಗಾಡಿಯೇ ಮನೆಯಾದಾಗ

ಗಾಡಿಯನ್ನೇ ಮನೆ ಮಾಡಿಕೊಂಡು ಹೊರಡುವುದು ಕನ್ನಡ ನಾಡಿಗೆ ಹೊಸದೇನಲ್ಲ. ಜಾತ್ರೆಗೆ ಹೊರಟ ಎತ್ತಿನ ಗಾಡಿಗೆ ಬಿದಿರಿನ ಕಮಾನು ಕಟ್ಟಿ, ಒಳಗೆ ಹುಲ್ಲು ಹರವಿ, ಅದರ ಮೇಲೆ ಜಮಖಾನ ಹಾಸಿ, ಅಕ್ಕಿ ಬೇಳೆಯ ಗಂಟು ಮೂಲೆಗೆ ಇಟ್ಟುಕೊಂಡು ಹೋಗುತ್ತಿದ್ದ ದಿನಗಳು ಅಜ್ಜ ಅಜ್ಜಿಯರ ನೆನಪಿನಲ್ಲಿ ಇನ್ನೂ ಇವೆ. ವಾರವೆಲ್ಲ ಗೊಬ್ಬರ ಸಾಗಿಸಿದ ಗಾಡಿಯೇ ಹಬ್ಬದ ದಿನ ಮನೆಯಾಗುತ್ತಿತ್ತು. ಕ್ಯಾಂಪರ್ ವ್ಯಾನಿನ ಕಥೆಯೂ ಹೀಗೆಯೇ. ಅದು ಹುಟ್ಟಿನಿಂದ ಪ್ರವಾಸಿ ವಾಹನವಲ್ಲ, ಸರಕು ಸಾಗಿಸುವ ವ್ಯಾನು.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರ ಏಪ್ರಿಲ್‌ನಲ್ಲಿ, ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಡಬ್ಬಿಯಾಕಾರದ ಗಾಡಿಯೊಂದರ ಚಿತ್ರ ಗೀಚಿದ. ಮುಂದೆ ಚಾಲಕ, ನಡುವೆ ಸರಕು, ಹಿಂದೆ ಎಂಜಿನ್. 1950ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಆ ಗಾಡಿಯನ್ನು ಉತ್ಪಾದಿಸತೊಡಗಿತು. ಮರು ವರ್ಷವೇ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಇಟ್ಟು ತೆಗೆಯಬಹುದಾದ ಮರದ ಪೆಟ್ಟಿಗೆಯೊಂದನ್ನು ಮಾಡಿತು. ಅದರಲ್ಲೇ ಹಾಸಿಗೆ, ಅದರಲ್ಲೇ ಬೀರು. ವಾರದ ದಿನಗಳಲ್ಲಿ ಸಾಮಾನು ಸಾಗಿಸಿದ ವ್ಯಾನು ಭಾನುವಾರ ಸಂಸಾರ ಹೊತ್ತು ಕಾಡಿನತ್ತ ಹೊರಟಿತು. ಇಂದಿನ ಕ್ಯಾಂಪರ್ ವ್ಯಾನುಗಳ ವಂಶವೃಕ್ಷ ಶುರುವಾಗುವುದು ಬಹುಮಟ್ಟಿಗೆ ಅಲ್ಲಿಂದ.

ಆ ವಂಶದ ಒಂದು ಕೊಂಬೆ ಭಾರತದ ರಸ್ತೆಗಳಲ್ಲೂ ಓಡಾಡುತ್ತಿದೆ. ಧರ್ಮಸ್ಥಳ, ಶೃಂಗೇರಿ ಯಾತ್ರೆಗೆ ಊರಿನವರೆಲ್ಲ ಸೇರಿ ಬಾಡಿಗೆಗೆ ಹಿಡಿಯುವ ಟೆಂಪೋ ಟ್ರಾವೆಲರ್ ಇದೆಯಲ್ಲ, ಅದರ ಮೂಲ ಮರ್ಸಿಡಿಸ್ ಬೆಂಜ್‌ನ ಟಿ1 ಎಂಬ ವ್ಯಾನು. ಯುರೋಪಿನಲ್ಲಿ 1995ರಲ್ಲಿ ಟಿ1ರ ಜಾಗಕ್ಕೆ ಬಂದದ್ದೇ ಸ್ಪ್ರಿಂಟರ್. ನ್ಯೂಜಿಲೆಂಡಿನ ರಸ್ತೆಗಳಲ್ಲಿ ಡುಕಾಟೊಗೆ ಜೊತೆಯಾಗಿ ಓಡುವ ದೊಡ್ಡ ಕ್ಯಾಂಪರ್ ಅದು. ಅಂದರೆ ಟ್ರಾವೆಲರ್‌ಗೆ ಸ್ಪ್ರಿಂಟರ್ ದೂರದೇಶದಲ್ಲಿರುವ ತಮ್ಮನಿದ್ದಂತೆ.

ಅಳತೆಪಟ್ಟಿ ಹೇಳುವ ಸತ್ಯ

ಮೈಸೂರಿನ ದಂಪತಿ ಕ್ರೈಸ್ಟ್‌ಚರ್ಚ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಅಲ್ಲಿಂದ ಟೆಕಾಪೊ ಸರೋವರ, ಔರಾಕಿ, ವಾನಕ, ಹಾಸ್ಟ್ ಕಣಿವೆ, ಪಶ್ಚಿಮ ಕರಾವಳಿ, ಆರ್ಥರ್ಸ್ ಪಾಸ್ ಮಾರ್ಗವಾಗಿ ಮರಳಿದರೆ ಸುಮಾರು 1,200 ಕಿ.ಮೀ. ಹೋಟೆಲಿನ ಬದಲು ವ್ಯಾನು ಹಿಡಿದರೆ ಹೇಗೆ ಎಂಬ ಪ್ರಶ್ನೆ ಬರುತ್ತದೆ. ಬಾಡಿಗೆ ಕಂಪನಿಯ ಚಿತ್ರಗಳಲ್ಲಿ ಎಲ್ಲ ವ್ಯಾನುಗಳೂ ಅರಮನೆಗಳೇ! ಆದ್ದರಿಂದ ಚಿತ್ರ ಬಿಟ್ಟು ಅಳತೆ ನೋಡುವುದು ಜಾಣತನ.

ಹೈಏಸ್ ಜಪಾನಿನಲ್ಲಿ ಹುಟ್ಟಿದ್ದು 1967ರಲ್ಲಿ. ಬಡಗಿ, ಪ್ಲಂಬರ್, ಎಲೆಕ್ಟ್ರೀಷಿಯನ್‌ಗಳ ನಂಬಿಕೆಯ ಗಾಡಿ ಎಂಬ ಹೆಸರು ಅದಕ್ಕೆ. 2004ರಲ್ಲಿ ಬಂದ ಪೀಳಿಗೆಯ ಸಾಮಾನ್ಯ ಹೈಏಸ್ 4.7 ಮೀಟರ್ ಉದ್ದ, 1.7 ಮೀಟರ್ ಅಗಲ, 2 ಮೀಟರ್‌ಗಿಂತ ಕೂದಲೆಳೆಯಷ್ಟು ಕಡಿಮೆ ಎತ್ತರ. ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿ. ಹಾಗಾಗಿ ಗಾಡಿಗೆ ಮೂಗೇ ಇಲ್ಲ, ಇರುವ ಉದ್ದವೆಲ್ಲ ಉಪಯೋಗಕ್ಕೆ ಬರುತ್ತದೆ. ಕಾರು ನಿಲ್ಲುವ ಜಾಗದಲ್ಲಿ ಇದು ನಿಲ್ಲುತ್ತದೆ. ಆದರೆ ಒಳಗೆ ಎದ್ದು ನಿಲ್ಲುವ ಮಾತಿಲ್ಲ. ಬಟ್ಟೆ ಬದಲಿಸುವುದೂ ಮಲಗಿಕೊಂಡೇ, ಇಲ್ಲವೆ ಮೊಣಕಾಲಿನ ಮೇಲೆ. ಹಾಸಿಗೆಯನ್ನು ಗಾಡಿಯ ಉದ್ದಕ್ಕೇ ಹಾಸಬೇಕು, ಅಡ್ಡ ಮಲಗಿದರೆ ಕಾಲು ಚಾಚಲಾಗದು.

ಅದೇ ಪೀಳಿಗೆಯ ಉದ್ದನೆಯ, ಎತ್ತರದ ಚಾವಣಿಯ ಹೈಏಸ್ 5.38 ಮೀಟರ್ ಉದ್ದ, 1.88 ಮೀಟರ್ ಅಗಲ, 2.28 ಮೀಟರ್ ಎತ್ತರ. ಒಳಗಿನ ಎತ್ತರ ಸುಮಾರು 1.6 ಮೀಟರ್. ಐದಡಿಯ ಅಮ್ಮ ನೆಟ್ಟಗೆ ನಿಲ್ಲಬಹುದು, ಐದೂವರೆ ಅಡಿಯ ಅಪ್ಪ ತಲೆ ಬಗ್ಗಿಸಬೇಕು. ಕೆಲವರು ಇದರ ಚಾವಣಿಯನ್ನು ಕತ್ತರಿಸಿ ಇನ್ನೂ ಎತ್ತರದ ಟೊಪ್ಪಿ ಕೂರಿಸುವುದುಂಟು. 2019ರಲ್ಲಿ ಬಂದ ಹೊಸ ಹೈಏಸ್‌ಗೆ ಅಪಘಾತದ ಪೆಟ್ಟು ತಡೆಯಲೆಂದು ಮುಂದೆ ಪುಟ್ಟ ಮೂಗು ಬಂತು. ಸುರಕ್ಷತೆ ಹೆಚ್ಚಿತು, ಆದರೆ ಅತಿ ಚಿಕ್ಕ ಹೈಏಸಿನ ಉದ್ದವೂ 5.26 ಮೀಟರ್‌ಗೆ ಏರಿತು.

ಇನ್ನು ಡುಕಾಟೊ. ಇಟಲಿಯ ಅಟೆಸ್ಸಾ ಎಂಬ ಊರಿನ ಕಾರ್ಖಾನೆಯಲ್ಲಿ 1981ರಿಂದ ತಯಾರಾಗುತ್ತಿರುವ ಈ ವ್ಯಾನು ಯುರೋಪಿನಲ್ಲಿ ಕ್ಯಾಂಪರ್ ಕಟ್ಟುವವರ ಅಚ್ಚುಮೆಚ್ಚು. ಸಾಮಾನ್ಯವಾಗಿ ಬಳಕೆಯಾಗುವ ಮಾದರಿ 5.998 ಮೀಟರ್ ಉದ್ದ, ಅಂದರೆ ಆರು ಮೀಟರ್‌ಗೆ ಎರಡೇ ಮಿಲಿಮೀಟರ್ ಕಡಿಮೆ. ಅಗಲ 2.05 ಮೀಟರ್, ಎತ್ತರ 2.52 ಮೀಟರ್. ಗುಟ್ಟು ಇರುವುದು ಆ ಅಗಲದಲ್ಲಿ. ಪಕ್ಕದ ಗೋಡೆಗಳು ಹೆಚ್ಚು ಬಾಗದೆ ನೇರವಾಗಿ ಏರುವುದರಿಂದ ಸಾಧಾರಣ ಎತ್ತರದವರು ಅಡ್ಡಲಾಗಿ ಮಲಗಬಹುದು. ಹಾಸಿಗೆ ಅಡ್ಡವಾದರೆ ಉದ್ದದಲ್ಲಿ ಸುಮಾರು ಅರ್ಧ ಮೀಟರ್ ಉಳಿಯುತ್ತದೆ. ಆ ಅರ್ಧ ಮೀಟರ್‌ನಲ್ಲೇ ಅಡುಗೆ ಕಟ್ಟೆಯೋ ಬಚ್ಚಲೋ ಹುಟ್ಟುತ್ತದೆ!

ಎಂಜಿನ್ನಿನ ಬಲ ಯಾವ ಚಕ್ರಕ್ಕೆ ಹೋಗುತ್ತದೆ ಎಂಬುದೂ ಮುಖ್ಯ. ಡುಕಾಟೊದಲ್ಲಿ ಅದು ಮುಂದಿನ ಚಕ್ರಗಳಿಗೆ. ಹಿಂಬದಿಗೆ ಹೋಗುವ ಉದ್ದನೆಯ ದಂಡ ಇಲ್ಲದ ಕಾರಣ ನೆಲವನ್ನು ತಗ್ಗಿಸಬಹುದು, ಹೆಂಗಸರು ಮಕ್ಕಳು ಸುಲಭವಾಗಿ ಹತ್ತಿ ಇಳಿಯಬಹುದು. ಹೈಏಸ್‌ನಲ್ಲಿ ಬಲ ಹಿಂದಿನ ಚಕ್ರಗಳಿಗೆ. ನೆಲ ತುಸು ಎತ್ತರ, ಆದರೆ ಹಾಸಿಗೆ, ನೀರು, ಸಾಮಾನಿನ ಭಾರ ಹಿಂದೆ ಬಿದ್ದಾಗ ಏರು ದಾರಿಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ನಿಲ್ಲಿಸಿದ ಡುಕಾಟೊದ ಮುಂದಿನ ಚಕ್ರ ಬೆಳಿಗ್ಗೆ ಹೊರಡುವಾಗ ಸುಮ್ಮನೆ ತಿರುಗುವುದುಂಟು. ಚಳಿಗಾಲದಲ್ಲಿ ಹಿಮಕ್ಕೆ ಸರಪಳಿ ಕಟ್ಟುವಾಗಲೂ ಇದೇ ಲೆಕ್ಕ: ಡುಕಾಟೊಗೆ ಮುಂದೆ, ಹೈಏಸ್‌ಗೆ ಹಿಂದೆ.

ಸಂಕೋಚ ಬಿಟ್ಟು ಕೇಳಬೇಕಾದ ಪ್ರಶ್ನೆ

ಹಾಸಿಗೆ, ಒಲೆ, ಎತ್ತರ ಎಲ್ಲ ವಿಚಾರಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಶೌಚ ಎಲ್ಲಿ? ಮೂರು ವ್ಯಾನುಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ. ನ್ಯೂಜಿಲೆಂಡಿನಲ್ಲಿ ಇದು ಬರೀ ಅನುಕೂಲದ ಮಾತಲ್ಲ, ಕಾನೂನಿನ ಮಾತು.

ಆ ದೇಶದಲ್ಲಿ ಸಾರ್ವಜನಿಕ ಜಾಗದಲ್ಲಿ ಕಾಸು ಕೊಡದೆ ಬಿಡಾರ ಹೂಡುವ ಹಳೆಯ ರೂಢಿ ಇದೆ. ಕೆರೆಯ ದಂಡೆ, ಸಮುದ್ರ ತೀರ, ಎಲ್ಲಿ ಬೇಕೆಂದರಲ್ಲಿ ಗಾಡಿ ನಿಲ್ಲಿಸಿ ಮಲಗುವ ಸುಖ. ಬರುವವರು ಹತ್ತಾರು ಮಂದಿ ಇದ್ದಾಗ ಯಾರಿಗೂ ತೊಂದರೆ ಇರಲಿಲ್ಲ. ಜಪಾನಿನಿಂದ ಬರುವ ಹಳೆಯ ವ್ಯಾನುಗಳು ಅಗ್ಗವಾಗಿ ಸಿಗತೊಡಗಿದ ಮೇಲೆ, ಪ್ರಪಂಚದ ಎಲ್ಲೆಡೆಯಿಂದ ಬಂದ ಯುವಕರು ಅವನ್ನು ಕೊಂಡು, ತಿಂಗಳುಗಟ್ಟಲೆ ಸುತ್ತಿ, ಹೊರಡುವ ದಿನ ಇನ್ನೊಬ್ಬರಿಗೆ ಮಾರಿ ವಿಮಾನ ಹತ್ತುವುದು ಸಾಮಾನ್ಯವಾಯಿತು. ಅದರೊಂದಿಗೆ ಪೊದೆಗಳ ಹಿಂದೆ ಕಾಗದದ ಚೂರು, ನೀರಿನಂಚಿನಲ್ಲಿ ಹೊಲಸು ಕಾಣಿಸತೊಡಗಿತು. ಅದನ್ನು ಎತ್ತುವವರು ಯಾರು? ಸಣ್ಣ ಊರಿನ ಕೌನ್ಸಿಲ್. ಖರ್ಚು ಯಾರದು? ಆ ಊರಿನ ತೆರಿಗೆದಾರರದು.

ಮಾವೋರಿ ಜನರಿಗೆ ಈ ನೋವು ಇನ್ನೂ ಆಳ. ಮನುಷ್ಯನ ಮಲಿನ ನೀರಿಗೆ ಸೇರುವುದು ಅವರ ದೃಷ್ಟಿಯಲ್ಲಿ ಕೇವಲ ಕೊಳಕಲ್ಲ, ನೀರಿನ ಜೀವಕ್ಕೇ ಮಾಡುವ ಅಪಚಾರ. ದಕ್ಷಿಣ ದ್ವೀಪದ ನಾಯ್ ತಾಹು ಬುಡಕಟ್ಟಿಗೆ ಔರಾಕಿ ಶಿಖರವೇ ಪೂರ್ವಜ. ತುದಿಯ ಮೇಲೆ ಕಾಲಿಡಬೇಡಿ ಎಂದು ಅವರು ಪರ್ವತಾರೋಹಿಗಳನ್ನು ವಿನಂತಿಸುತ್ತಾರೆ. 1998ರ ಒಪ್ಪಂದದ ಕಾಯ್ದೆ ಬೆಟ್ಟಕ್ಕೆ ಔರಾಕಿ ಎಂಬ ಹೆಸರನ್ನು ಅಧಿಕೃತವಾಗಿ ಮರಳಿಸಿತು. ತಲಕಾವೇರಿಯ ಕೊಳದ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವವರಿಗೆ ಈ ಭಾವನೆಯನ್ನು ಬಿಡಿಸಿ ಹೇಳಬೇಕಿಲ್ಲ.

2011ರಲ್ಲಿ, ರಗ್ಬಿ ವಿಶ್ವಕಪ್‌ಗೆ ಜನ ಬರುವ ಮುನ್ನ, ಇಂಥ ಬಿಡಾರಗಳ ಬಗ್ಗೆ ಒಂದು ಕಾಯ್ದೆ ಬಂತು. ಎಲ್ಲಿ ನಿಲ್ಲಬಾರದು ಎಂದು ನಿಯಮ ಮಾಡುವ ಅಧಿಕಾರ ಕೌನ್ಸಿಲ್‌ಗಳಿಗೆ ಸಿಕ್ಕಿತು. ತನ್ನ ನೀರು, ತನ್ನ ಕೊಳೆ, ತನ್ನ ಶೌಚ ಎಲ್ಲವನ್ನೂ ತಾನೇ ಹೊರುವ ಗಾಡಿಗೆ ನೀಲಿ ಚೀಟಿ ಅಂಟಿಸುವ ಪದ್ಧತಿ ಇತ್ತು. ಆದರೆ ಸೀಟಿನ ಕೆಳಗೆ ತಳ್ಳಿಟ್ಟ ಪ್ಲಾಸ್ಟಿಕ್ ಶೌಚಪೆಟ್ಟಿಗೆಗೂ ಆ ಚೀಟಿ ಸಿಗುತ್ತಿತ್ತು. ಬಳಸದೆ ಸುಮ್ಮನೆ ಹೊತ್ತು ತಿರುಗುವವರೇ ಹೆಚ್ಚು ಎಂಬ ದೂರು ಎದ್ದಿತು.

2023ರ ಜೂನ್‌ನಲ್ಲಿ ನಿಯಮ ಬಿಗಿಯಾಯಿತು. ಕೌನ್ಸಿಲ್ ಜಾಗದಲ್ಲಿ ವಾಹನದಲ್ಲಿ ರಾತ್ರಿ ಕಳೆಯಬೇಕಾದರೆ, ಕೌನ್ಸಿಲ್ ಬೇರೆ ಅನುಮತಿ ಕೊಡದ ಹೊರತು, ಪ್ರಮಾಣಪತ್ರ ಪಡೆದ ಸ್ವಯಂಪೂರ್ಣ ವಾಹನವೇ ಬೇಕು. ಶೌಚಪೆಟ್ಟಿಗೆ ಗಾಡಿಗೆ ಕಾಯಂ ಆಗಿ ಜೋಡಿಸಿದ್ದಿರಬೇಕು. ಹಾಸಿಗೆ ಹಾಸಿದ ಮೇಲೂ ಬಳಸಲು ಬರಬೇಕು. ನೀಲಿ ಚೀಟಿಯ ಬದಲು ಹಸಿರು ಚೀಟಿ ಬಂತು. ದಂಡವೂ ಏರಿತು. ಬಾಡಿಗೆ ವಾಹನಗಳಿಗೆ ಮೊದಲು, ಖಾಸಗಿಯವರಿಗೆ ಆಮೇಲೆ ಎಂದು ಹಂತ ಹಂತವಾಗಿ ಜಾರಿಗೆ ತಂದರು.

ತಗ್ಗು ಚಾವಣಿಯ ಹೈಏಸ್‌ಗೆ ಪೆಟ್ಟು ಬಿದ್ದದ್ದು ಇಲ್ಲಿ. ಹಾಸಿಗೆ ಹಾಸಿದರೆ ಕಾಲಿಡಲು ಜಾಗವಿಲ್ಲದ ಗಾಡಿಯಲ್ಲಿ ಕಾಯಂ ಶೌಚಕ್ಕೆ ಎಲ್ಲಿ ಜಾಗ? ಎತ್ತರದ ಹೈಏಸ್‌ನಲ್ಲಿ ಬಡಗಿಯ ಜಾಣ್ಮೆಯಿಂದ ಮೂಲೆಯೊಂದರಲ್ಲಿ ಕೂರಿಸಬಹುದು. ಡುಕಾಟೊ, ಸ್ಪ್ರಿಂಟರ್‌ಗಳಲ್ಲಿ ಬಾಗಿಲಿರುವ ಪುಟ್ಟ ಬಚ್ಚಲೇ ಇರುತ್ತದೆ. ಹಣವಿದ್ದವರಿಗೆ ಮಾತ್ರ ಕೆರೆಯ ದಂಡೆ ಎಂದಾಯಿತಲ್ಲ ಎಂದು ಬಡ ವಿದ್ಯಾರ್ಥಿಗಳು ಕೇಳಿದರೆ ಅದರಲ್ಲಿ ಸತ್ಯವಿಲ್ಲದಿಲ್ಲ. ನಿಮ್ಮ ಅಗ್ಗದ ಪ್ರವಾಸದ ಬೆಲೆಯನ್ನು ನಾವು ಏಕೆ ತೆರಬೇಕು ಎಂದು ಸಣ್ಣ ಊರಿನವರು ಕೇಳುವುದೂ ಸುಳ್ಳಲ್ಲ. ಬಾಡಿಗೆ ಕೊಡಲಾಗದೆ, ಬೇರೆ ದಾರಿಯಿಲ್ಲದೆ ಗಾಡಿಯಲ್ಲೇ ಬದುಕುವ ಮನೆಯಿಲ್ಲದವರನ್ನು ಮಾತ್ರ ಈ ಕಾನೂನು ಪ್ರವಾಸಿಗರ ಸಾಲಿಗೆ ಸೇರಿಸದೆ ಹೊರಗಿಟ್ಟಿತು. ಅದು ವಿವೇಕದ ಕೆಲಸ.

ಹಾಗೆಂದು ಚಿಕ್ಕ ಹೈಏಸ್‌ಗೆ ದಾರಿ ಮುಚ್ಚಿಲ್ಲ. ಶುಲ್ಕ ಕೊಟ್ಟು ಉಳಿಯುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸಾರ್ವಜನಿಕ ಶೌಚಾಲಯವಿರುತ್ತದೆ, ಅಲ್ಲಿ ಹಸಿರು ಚೀಟಿ ಬೇಕಿಲ್ಲ. ಔರಾಕಿಯ ಬುಡದ ಬಯಲಿನಲ್ಲಿ ಆ ವಿದ್ಯಾರ್ಥಿಗಳು ಡುಕಾಟೊದ ಪಕ್ಕದಲ್ಲೇ ಧೈರ್ಯವಾಗಿ ನೂಡಲ್ಸ್ ಬೇಯಿಸುವುದು ಆ ಕಾರಣಕ್ಕೇ. ಕಡಿಮೆ ಬಾಡಿಗೆಯ ಚಿಕ್ಕ ವ್ಯಾನಿಗೆ ಪ್ರತಿ ರಾತ್ರಿಯ ಕ್ಯಾಂಪ್ ಶುಲ್ಕ ಸೇರಿಸಿ, ದೊಡ್ಡ ವ್ಯಾನಿನ ಬಾಡಿಗೆಯೊಂದಿಗೆ ತೂಗಿ ನೋಡಿದಾಗಲೇ ನಿಜವಾದ ಲೆಕ್ಕ ಸಿಗುವುದು.

ದಾರಿ ಕಲಿಸುವ ಪಾಠ

ನ್ಯೂಜಿಲೆಂಡಿನಲ್ಲೂ ಭಾರತದಂತೆ ರಸ್ತೆಯ ಎಡಬದಿಯಲ್ಲೇ ಓಡಿಸುವುದು. ಕನ್ನಡಿಗ ಚಾಲಕನಿಗೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಉಳಿದರ್ಧ ಇರಲೇಬೇಕು! ಪಶ್ಚಿಮ ಕರಾವಳಿಯಲ್ಲಿ ಒಂದೇ ಗಾಡಿ ದಾಟಬಲ್ಲ ಸೇತುವೆಗಳು ಒಂದರ ಹಿಂದೊಂದು ಬರುತ್ತವೆ. ಮೊದಲೇ ಇರುವ ಫಲಕದಲ್ಲಿ ನೀಲಿ ಹಿನ್ನೆಲೆಯ ದೊಡ್ಡ ಬಿಳಿ ಬಾಣ ಕಂಡರೆ ಮೊದಲ ಹಕ್ಕು ನಮ್ಮದು. ನಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದು, ಸುತ್ತ ಕೆಂಪು ವೃತ್ತವಿದ್ದರೆ ಎದುರಿನವರಿಗೆ ದಾರಿ ಬಿಟ್ಟು ಕಾಯಬೇಕು.

ಕ್ಯಾಂಟರ್‌ಬರಿ ಬಯಲಿನಲ್ಲಿ ವಾಯವ್ಯದಿಂದ ಬೀಸುವ ಬಿಸಿಗಾಳಿಗೆ ಎತ್ತರದ ವ್ಯಾನುಗಳು ಓಲಾಡುತ್ತವೆ. ಇಲ್ಲಿ ತಗ್ಗು ಹೈಏಸೇ ಗೆಲ್ಲುವುದು. ಬಾಗಿಲು ತೆರೆಯುವಾಗ ಕೈಬಿಟ್ಟರೆ ಗಾಳಿ ಬಾಗಿಲನ್ನೇ ಮುರಿದೀತು. ಆರ್ಥರ್ಸ್ ಪಾಸ್‌ನಲ್ಲಿ ಇನ್ನೊಂದು ಕಾಟ. ಕೀಯಾ ಎಂಬ ಹಸಿರು ಬೆಟ್ಟದ ಗಿಳಿ ಅಲ್ಲಿ ಗಾಡಿಯ ಮೇಲೆ ಬಂದು ಕೂತು ವೈಪರಿನ ರಬ್ಬರನ್ನೂ ಬಾಗಿಲ ಪಟ್ಟಿಯನ್ನೂ ಕಿತ್ತು ಆಟವಾಡುತ್ತದೆ. ಮುದ್ದಾಗಿದೆಯೆಂದು ತಿನಿಸು ಕೊಟ್ಟರೆ ಹಕ್ಕಿಗೂ ಕೇಡು, ಗಾಡಿಗೂ ಕೇಡು. ಪಶ್ಚಿಮ ಕರಾವಳಿಯ ಸ್ಯಾಂಡ್‌ಫ್ಲೈ ನುಸಿಗಳಿಗಂತೂ ವ್ಯಾನು ಚಿಕ್ಕದೋ ದೊಡ್ಡದೋ ಎಂಬ ಭೇದವಿಲ್ಲ.

ಹೆತ್ತವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ವ್ಯಾನಿನಲ್ಲಿ ಎಷ್ಟು ಜನ ಮಲಗಬಹುದು ಎಂಬುದಕ್ಕಿಂತ ಎಷ್ಟು ಜನ ಬೆಲ್ಟ್ ಹಾಕಿಕೊಂಡು ಕೂರಬಹುದು ಎಂಬುದನ್ನು ಮೊದಲು ಕೇಳಬೇಕು. ಸರಕಿನ ವ್ಯಾನಿನಿಂದ ಮಾಡಿದ ಎಷ್ಟೋ ಕ್ಯಾಂಪರ್‌ಗಳಲ್ಲಿ ಮುಂದಿನ ಎರಡು ಮೂರು ಸೀಟುಗಳಷ್ಟೇ ಇರುತ್ತವೆ. ಓಡುವ ಗಾಡಿಯಲ್ಲಿ ಹಿಂದಿನ ಹಾಸಿಗೆಯ ಮೇಲೆ ಮಗುವನ್ನು ಮಲಗಿಸುವಂತಿಲ್ಲ. ಏಳು ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಮಕ್ಕಳ ಸೀಟು ಕಡ್ಡಾಯ. ಎರಡನೆಯದು ಒಲೆ. ಚಳಿಯೆಂದು ಕಿಟಕಿಯೆಲ್ಲ ಮುಚ್ಚಿ ಗ್ಯಾಸ್ ಒಲೆ ಉರಿಸಿ ಬೆಚ್ಚಗಾಗಲು ಹೋದರೆ ಕಾರ್ಬನ್ ಮಾನಾಕ್ಸೈಡ್ ತುಂಬೀತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಪ್ರಾಣ ಒಯ್ಯುವ ಅನಿಲ ಅದು. ವ್ಯಾನು ಚಿಕ್ಕದಾದಷ್ಟೂ ಅಪಾಯ ಬೇಗ. ಅಡುಗೆ ಮಾಡುವಾಗ ಬಾಗಿಲೋ ಚಾವಣಿಯ ಕಿಂಡಿಯೋ ತೆರೆದಿರಲೇಬೇಕು.

ಮೂರನೆಯದು ಊರಿನಿಂದ ಕಟ್ಟಿಕೊಂಡು ಹೋಗುವ ಗಂಟು. ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ, ಕಾಳು ಯಾವುದೇ ಇರಲಿ, ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಹೊರಗಿನ ಕೀಟ, ಬೀಜ, ರೋಗ ಒಳಬಾರದೆಂದು ಆ ದ್ವೀಪರಾಷ್ಟ್ರ ಬಹಳ ಕಟ್ಟುನಿಟ್ಟು. ಹೇಳದೆ ಒಯ್ದರೆ ದಂಡ ಖಚಿತ. ಆ ಭಯ ಸುಮ್ಮನೆ ಬಂದದ್ದಲ್ಲ. 2004ರಲ್ಲಿ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡು ಬೇರೆ ನದಿಗಳಿಗೂ ಹಬ್ಬಿತು. ಒಂದು ಹನಿ ನೀರಿನಲ್ಲೂ ಅದು ಪ್ರಯಾಣ ಮಾಡಬಲ್ಲದು. ಹಾಗಾಗಿ ಒಂದು ಕೆರೆಯಲ್ಲಿ ನೆನೆದ ಬೂಟು, ಬಕೆಟ್ಟುಗಳನ್ನು ತೊಳೆದು ಒಣಗಿಸದೆ ಇನ್ನೊಂದರಲ್ಲಿ ಅದ್ದುವಂತಿಲ್ಲ.

ನೀರಿನ ಲೆಕ್ಕ

ಮೂರು ವ್ಯಾನುಗಳಲ್ಲಿ ಯಾವುದು ಒಳ್ಳೆಯದು? ಇಬ್ಬರು ಗೆಳೆಯರು, ಗಟ್ಟಿ ಮೈ, ಜೇಬು ತೆಳ್ಳಗೆ ಎಂದಾದರೆ ತಗ್ಗು ಹೈಏಸ್ ಮತ್ತು ಶುಲ್ಕದ ಕ್ಯಾಂಪ್‌ಗ್ರೌಂಡ್. ವಾರ ಎರಡು ವಾರದ ಸುತ್ತಾಟಕ್ಕೆ ಹೊರಟ ದಂಪತಿಗೆ ಎತ್ತರದ ಹೈಏಸ್ ಹದವಾದ ನಡುದಾರಿ. ಮೊಣಕಾಲು ನೋವಿನ ಅಪ್ಪ, ರಾತ್ರಿ ಎರಡು ಸಲ ಏಳುವ ಅಮ್ಮ ಇದ್ದರೆ, ಬಾಡಿಗೆ ಹೆಚ್ಚಾದರೂ ಡುಕಾಟೊ ಅಥವಾ ಸ್ಪ್ರಿಂಟರ್. ಅದರಲ್ಲೂ ಬೆಲ್ಟಿರುವ ಮೂರನೆಯ ಸೀಟು ಇದ್ದರೆ ಮಾತ್ರ ಮಗಳು ಜೊತೆಗೆ ಬರಬಹುದು!

ಆದರೆ ಮೂರೂ ವ್ಯಾನುಗಳು ಕಲಿಸುವ ಪಾಠ ಒಂದೇ. ಸ್ವಯಂಪೂರ್ಣ ವಾಹನಕ್ಕೆ ಹಾಕಿದ ಲೆಕ್ಕ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು, ಅದೂ ಮೂರು ದಿನಕ್ಕೆ ಸಾಲುವಷ್ಟು. ಬಳಸಿದ ಕೊಳೆನೀರು ತುಂಬಿಕೊಳ್ಳಲೂ ಜಾಗವಿರಬೇಕು. ಮನೆಯಲ್ಲಿ ನಲ್ಲಿ ಬಿಟ್ಟು ಹಲ್ಲುಜ್ಜುವ ಮಗ ವ್ಯಾನಿನಲ್ಲಿ ಒಂದು ಲೋಟ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಾನೆ. ಚೆಲ್ಲಿದ ನೀರು ಮಾಯವಾಗುವುದಿಲ್ಲ, ಹಿಂದಿನ ಡಬ್ಬದಲ್ಲೇ ಕುಳಿತಿರುತ್ತದೆ. ಅದನ್ನು ಹೊತ್ತು ಊರಿನ ಡಂಪ್ ಸ್ಟೇಷನ್‌ವರೆಗೆ ಹೋಗಿ, ತನ್ನ ಕೈಯಾರೆ ಸುರಿದು, ತೊಳೆದು ಬರಬೇಕು. ಆ ಕೆಲಸ ಒಮ್ಮೆ ಮಾಡಿದವರು ಪೊದೆಯ ಹಿಂದೆ ಏನನ್ನೂ ಬಿಟ್ಟು ಬರಲಾರರು. ಮುಳ್ಳಯ್ಯನಗಿರಿಯ ದಾರಿಯಲ್ಲೋ ಜಾತ್ರೆ ಮುಗಿದ ಹೊಳೆದಂಡೆಯಲ್ಲೋ ನಿಂತಾಗಲೂ ಆ ಡಬ್ಬದ ಭಾರ ಅವರಿಗೆ ನೆನಪಾದೀತು.

ಕೋಶ ಓದು, ದೇಶ ಸುತ್ತು ಎಂದರು ಹಿರಿಯರು. ಸುತ್ತಿದ ಮೇಲೆ ಗುರುತು ಬಿಡಬೇಡ ಎಂಬುದನ್ನು ಈ ಕಾಲ ಸೇರಿಸಿದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಔರಾಕಿಯ ಬಯಲಿನಿಂದ ವ್ಯಾನುಗಳು ಒಂದೊಂದಾಗಿ ಹೊರಡುತ್ತವೆ. ಮಾಸಿದ ಹೈಏಸ್ ಮೊದಲು, ಬಿಳಿಯ ಡುಕಾಟೊ ಕೊನೆಗೆ. ಪುಕಾಕಿ ಸರೋವರದ ಹಾಲುನೀಲಿ ನೀರಿನ ಪಕ್ಕದ ರಸ್ತೆಯಲ್ಲಿ ಅವು ಚುಕ್ಕಿಗಳಾಗಿ ಮರೆಯಾದ ಮೇಲೆ, ನಿಂತಿದ್ದ ಜಾಗದಲ್ಲಿ ಒತ್ತಿದ ಹುಲ್ಲು ಮಾತ್ರ ಉಳಿದಿರುತ್ತದೆ. ಮಧ್ಯಾಹ್ನದೊಳಗೆ ಅದೂ ಎದ್ದು ನಿಲ್ಲುತ್ತದೆ.